ಇಂಗ್ಲೆಂಡಿನಲ್ಲಿ ತೇಲುತ್ತಿರುವ ಮುಂಬಯಿ ಹಡಗು

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಹಾರ್ಟಲ್‌ಪೂಲ್ ಎಂಬ ಊರಿದೆ. ಲಂಡನ್ನಿಗೆ ಹೋದವರೆಲ್ಲ ತಪ್ಪದೇ ನೋಡಿಬರುವ ಊರೇನೂ ಅದಲ್ಲ. ಕಲ್ಲಿದ್ದಲು ಸಾಗಿಸಿ, ಹಡಗು ಕಟ್ಟಿ ಹೊಟ್ಟೆ ಹೊರೆದ ಬಂದರು ಅದು. 1960ರ ದಶಕದ ಆರಂಭದಲ್ಲಿ ಅಲ್ಲಿನ ಹಡಗು ಕಟ್ಟುವ ಕಸುಬು ನಿಂತುಹೋಯಿತು. ಸಾವಿರಾರು ಕೈಗಳು ಬೇರೆ ಕೆಲಸ ಹುಡುಕಬೇಕಾಯಿತು. ಆ ಊರಿನ ಹಳೆಯ ಡಾಕ್ ಒಂದರಲ್ಲಿ ಇವತ್ತು ಕಪ್ಪು ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಹಾಯಿಹಡಗೊಂದು ಮೂರು ಕೂವೆಮರಗಳನ್ನು ಆಕಾಶಕ್ಕೆ ಚಾಚಿ ನಿಂತಿದೆ. ಹೆಸರು ‘ಎಚ್‌ಎಂಎಸ್ ಟ್ರಿಂಕೋಮಲಿ’. ನೀರಿನ ಮೇಲೆ ಇನ್ನೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ.

ನೆಲ್ಸನ್ನನ ‘ವಿಕ್ಟರಿ’ ಇದಕ್ಕಿಂತ ಹಳೆಯದಲ್ಲವೇ ಎಂದು ಚರಿತ್ರೆ ಓದಿದ ಹುಡುಗರು ಕೇಳಬಹುದು. ಹೌದು, ಅದು 1765ರಲ್ಲಿ ನೀರಿಗಿಳಿದದ್ದು. ಆದರೆ ಅದು ಪೋರ್ಟ್ಸ್‌ಮತ್‌ನ ಒಣ ಡಾಕ್‌ನಲ್ಲಿ ಊರುಗೋಲುಗಳ ಮೇಲೆ ಕುಳಿತಿದೆ. ಟ್ರಿಂಕೋಮಲಿ ಮಾತ್ರ ಇವತ್ತಿಗೂ ನೀರಲ್ಲಿದೆ. ಅದಕ್ಕಿಂತ ಹೆಚ್ಚಿನ ಸ್ವಾರಸ್ಯ ಬೇರೊಂದಿದೆ. ಈ ‘ಬ್ರಿಟಿಷ್’ ಹಡಗನ್ನು ಕಟ್ಟಿದ್ದು ಬ್ರಿಟನ್ನಿನಲ್ಲಿ ಅಲ್ಲ, ಮುಂಬಯಿಯಲ್ಲಿ. ಮರ ಮಲಬಾರಿನ ತೇಗ. ಕಟ್ಟಿಸಿದ ಯಜಮಾನ ಬಡಗಿ ಜಮ್‌ಷೆಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರಸಿ. ಹೆಸರೂ ಪೂರ್ವದ್ದೇ. ಶ್ರೀಲಂಕಾದ ಪೂರ್ವ ಕರಾವಳಿಯ ತ್ರಿಕೋನಮಲೆ, ಕೋಣೇಶ್ವರ ದೇಗುಲದ ಊರು, ಇಂಗ್ಲಿಷರ ಬಾಯಲ್ಲಿ ಟ್ರಿಂಕೋಮಲಿಯಾಯಿತು. ಅಲ್ಲಿನ ಸಹಜ ಬಂದರಿಗಾಗಿ ಡಚ್ಚರು, ಫ್ರೆಂಚರು, ಇಂಗ್ಲಿಷರು ಕಚ್ಚಾಡಿದ್ದರು; 1782ರಲ್ಲಿ ಅದರೆದುರಿನ ಕಡಲಲ್ಲೇ ಫ್ರೆಂಚ್ ಮತ್ತು ಇಂಗ್ಲಿಷ್ ನೌಕಾದಳಗಳ ನಡುವೆ ದೊಡ್ಡ ಕಾಳಗವೂ ನಡೆದಿತ್ತು.

ಓಕ್ ಮುಗಿದಾಗ ತೇಗ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿಗೆ ನೆಪೋಲಿಯನ್ನನ ಜೊತೆ ಯುದ್ಧ. ಹಡಗಿನ ಮೇಲೆ ಹಡಗು ಬೇಕು. ಹಡಗಿಗೆ ಓಕ್ ಮರ ಬೇಕು. ವಿಕ್ಟರಿಯಂಥ ಒಂದು ದೊಡ್ಡ ಹಡಗಿಗೆ ಸುಮಾರು 6,000 ಮರಗಳು ಬಿದ್ದಿದ್ದವು. ಹಡಗಿಗೆ ಒದಗುವಷ್ಟು ಓಕ್ ಬಲಿಯಬೇಕಾದರೆ ನೂರು ವರ್ಷ ಬೇಕು. ಅಜ್ಜ ನೆಟ್ಟದ್ದನ್ನು ಮರಿಮಗ ಕಡಿಯಬೇಕು. ಯುದ್ಧ ಅಷ್ಟು ದಿನ ಕಾಯುತ್ತದೆಯೇ? ಇಂಗ್ಲೆಂಡಿನ ಕಾಡುಗಳು ಬರಿದಾಗತೊಡಗಿದಾಗ ನೌಕಾದಳದ ಕಣ್ಣು ಹಿಂದೂಸ್ಥಾನದ ಪಶ್ಚಿಮ ಕರಾವಳಿಯ ಮೇಲೆ ಬಿತ್ತು.

ಮುಂಬಯಿಯಲ್ಲಿ ಆಗಲೇ ಒಳ್ಳೆಯ ಹಡಗುಕಟ್ಟೆ ಇತ್ತು. 1736ರಲ್ಲಿ ಲವ್‌ಜಿ ನಸರ್‌ವಾನ್‌ಜಿ ಎಂಬ ಪಾರಸಿ ಬಡಗಿ ಸೂರತ್ತಿನಿಂದ ಕೆಲವು ಸಂಗಡಿಗರನ್ನು ಕಟ್ಟಿಕೊಂಡು ಅಲ್ಲಿಗೆ ಬಂದಿದ್ದ. 1750ರಲ್ಲಿ ಅಲ್ಲಿ ಒಣ ಡಾಕ್ ತಯಾರಾಯಿತು. ಮುಂದೆ ಸುಮಾರು ಒಂದೂವರೆ ಶತಮಾನ ಈ ಮನೆತನವೇ ಅಲ್ಲಿನ ಯಜಮಾನ ಬಡಗಿಗಳ ಪಟ್ಟ ನಡೆಸಿಕೊಂಡು ಬಂತು. ‘ವಾಡಿಯಾ’ ಎಂದರೆ ಗುಜರಾತಿಯಲ್ಲಿ ಹಡಗು ಕಟ್ಟುವವನೆಂದೇ ಅರ್ಥ. ಲವ್‌ಜಿಯ ಮೊಮ್ಮಗ ಜಮ್‌ಷೆಟ್‌ಜಿ. ಆತ ಕಟ್ಟಿದ ‘ಮಿಂಡೆನ್’ 1810ರಲ್ಲಿ ನೀರಿಗಿಳಿಯಿತು. ಬ್ರಿಟನ್ನಿನ ಹೊರಗೆ ಆ ದರ್ಜೆಯ ದೊಡ್ಡ ಯುದ್ಧನೌಕೆಯನ್ನು ಬ್ರಿಟಿಷ್ ನೌಕಾದಳಕ್ಕಾಗಿ ಕಟ್ಟಿದ್ದು ಅದೇ ಮೊದಲು. 1813ರಲ್ಲಿ ಆತ ಇಳಿಸಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆಯೇ 1842ರಲ್ಲಿ ಚೀನಾ ಹಾಂಕಾಂಗನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು.

ತೇಗಕ್ಕೆ ಓಕ್‌ಗಿಂತ ಕೆಲವು ಗುಣಗಳು ಹೆಚ್ಚು. ಅದರ ಮೈಯಲ್ಲೇ ಎಣ್ಣೆಯಿದೆ. ಬೇಗ ಕೊಳೆಯುವುದಿಲ್ಲ, ಹುಳು ಸುಲಭವಾಗಿ ಕೊರೆಯುವುದಿಲ್ಲ. ಓಕ್ ಮರದಲ್ಲಿರುವ ಆಮ್ಲ ತನ್ನೊಳಗೆ ಹೊಡೆದ ಕಬ್ಬಿಣದ ಮೊಳೆಯನ್ನೇ ತಿಂದುಹಾಕುತ್ತದೆ. ತೇಗದೊಳಗಿನ ಮೊಳೆ ಉಳಿಯುತ್ತದೆ. ಅವಸರದಲ್ಲಿ ಹಸಿ ಓಕ್ ಬಳಸಿ ಕಟ್ಟಿದ ಹಡಗುಗಳು ಹತ್ತು ಹದಿನೈದು ವರ್ಷಕ್ಕೇ ಮೆತ್ತಗಾದ ಉದಾಹರಣೆಗಳು ಬೇಕಾದಷ್ಟಿವೆ. ಮನೆಯ ಹಳೆಯ ಸಾಗುವಾನಿ ಬಾಗಿಲನ್ನು ನೋಡಿದವರಿಗೆ ತೇಗದ ಬಾಳಿಕೆಯ ವಿಷಯ ಬೇರೆ ಹೇಳಬೇಕಾಗಿಲ್ಲ.

ಆದರೆ ತೇಗವೆಂದರೆ ಒಳ್ಳೆಯದಷ್ಟೇ ಅಲ್ಲ, ಅದರ ಹಿಂದೆ ಕಾಡಿನ ಕಥೆಯೂ ಇದೆ. ಮಲಬಾರ್ 1792ರಲ್ಲಿ, ಕೆನರಾ 1799ರಲ್ಲಿ ಟಿಪ್ಪುವಿನ ಕೈತಪ್ಪಿ ಕಂಪೆನಿಯ ಪಾಲಾಗಿದ್ದವು. ಟಿಪ್ಪುವೂ ಇದೇ ಮರವನ್ನು ನಂಬಿ ಮಂಗಳೂರಿನಲ್ಲಿ, ಅತ್ತ ಸದಾಶಿವಗಡದ ಕಡೆಗೆ, ನೌಕಾಬಲ ಕಟ್ಟಲು ಹವಣಿಸಿದ್ದ, ಕಾಲ ಕೂಡಿಬರಲಿಲ್ಲ. 1806ರಲ್ಲಿ ಕಂಪೆನಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಭಾರತದಲ್ಲಿ ಆ ಹುದ್ದೆಗೆ ಬಂದವರಲ್ಲಿ ಆತನೇ ಮೊದಲಿಗ. ಹೆಸರು ಸಂರಕ್ಷಕ, ಕೆಲಸ ಮಾತ್ರ ನೌಕಾದಳಕ್ಕೆ ಮರ ಒದಗಿಸುವುದು! ತೇಗದ ವ್ಯಾಪಾರವೆಲ್ಲ ಸರ್ಕಾರದ ಮುಷ್ಟಿಗೆ ಹೋಯಿತು. ತನ್ನ ಜಮೀನಿನ ಮರವನ್ನು ತಾನೇ ಕಡಿಯಲಾಗದ ರೈತ, ತಲೆತಲಾಂತರದ ದಂಧೆ ಕಳೆದುಕೊಂಡ ಮರದ ವ್ಯಾಪಾರಿ ಇಬ್ಬರೂ ಗೊಣಗಿದರು. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಕಾಲದಲ್ಲಿ, 1823ರಲ್ಲಿ, ಈ ಏಕಸ್ವಾಮ್ಯ ರದ್ದಾಯಿತು. ಟ್ರಿಂಕೋಮಲಿಗೆ ಬಿದ್ದ ಮರಗಳು ಈ ನಡುವಿನ ವರ್ಷಗಳವು. ಕಡಿದು ಬರಿದಾದ ಮಲಬಾರಿನ ತೇಗವನ್ನು ಮತ್ತೆ ನೆಡಲು ನಿಲಂಬೂರಿನಲ್ಲಿ ಕಲೆಕ್ಟರ್ ಕೊನೊಲಿ ತೋಪು ಎಬ್ಬಿಸಿದ್ದು 1840ರ ದಶಕದಲ್ಲಿ.

ಆಗ ತೇಗ ಕಡಿಯುವ ಕ್ರಮವೂ ತಿಳಿಯತಕ್ಕದ್ದೇ. ಹಸಿ ತೇಗ ನೀರಲ್ಲಿ ಸರಿಯಾಗಿ ತೇಲದು. ಆದ್ದರಿಂದ ಬುಡದ ಸುತ್ತ ತೊಗಟೆಯನ್ನು ಬಳೆಯಂತೆ ಕೆತ್ತಿ, ಮರ ನಿಂತಲ್ಲೇ ಒಣಗಲು ಬಿಡುತ್ತಿದ್ದರು. ಎರಡು ಮೂರು ವರ್ಷದ ಮೇಲೆ ಉರುಳಿಸಿ, ಆನೆಗಳಿಂದ ಎಳೆಸಿ, ಮಳೆಗಾಲದ ಹೊಳೆಯಲ್ಲಿ ತೇಲಿಬಿಟ್ಟು ಕಡಲತಡಿಗೆ ತರುತ್ತಿದ್ದರು. ಅಲ್ಲಿಂದ ಮುಂದೆ ಸಮುದ್ರದ ದಾರಿಯಲ್ಲಿ ಮುಂಬಯಿಗೆ. ಹಡಗಿನ ಹೊಟ್ಟೆಯ ಬಾಗಿದ ಪಕ್ಕೆಲುಬುಗಳಿಗೆ ನೇರ ಮರ ಒದಗುವುದಿಲ್ಲ. ಹುಟ್ಟಾ ಡೊಂಕಾಗಿ ಬೆಳೆದ ಮರವನ್ನೇ ಹುಡುಕಬೇಕು. ಕಾಡಿನಲ್ಲಿ ಮರ ನೋಡಿದಾಗಲೇ ಇದು ಹಡಗಿನ ಯಾವ ಅಂಗವಾದೀತು ಎಂದು ಲೆಕ್ಕ ಹಾಕುವ ಕಣ್ಣು ಬೇಕಿತ್ತು.

ಮುಳುಗಿದ ನಕ್ಷೆ, ಬೆಳ್ಳಿಯ ಮೊಳೆ

ಟ್ರಿಂಕೋಮಲಿ ಕಟ್ಟಲು ಆದೇಶವಾದದ್ದು 1812ರ ಅಕ್ಟೋಬರಿನಲ್ಲಿ. ಅದು ‘ಲೀಡಾ’ ವರ್ಗದ ಫ್ರಿಗೇಟ್. ಈ ವರ್ಗದ ಮೂಲ ವಿನ್ಯಾಸ ಇಂಗ್ಲಿಷರದ್ದೂ ಅಲ್ಲ. 1782ರಲ್ಲಿ ಸೆರೆಸಿಕ್ಕ ‘ಎಬೆ’ ಎಂಬ ಫ್ರೆಂಚ್ ಹಡಗನ್ನು ಅಳೆದು ಬರೆದುಕೊಂಡದ್ದು. ಫ್ರೆಂಚರ ನಕ್ಷೆ, ಮಲಬಾರಿನ ಮರ, ಪಾರಸಿಯ ಕೈ, ಇಂಗ್ಲಿಷರ ಬಾವುಟ!

ನಕ್ಷೆ ಮುಂಬಯಿ ಮುಟ್ಟಿದ ಬಗೆಯೇ ಒಂದು ಕಥೆ. ಮೊದಲ ಪ್ರತಿಯನ್ನು ಹೊತ್ತು ಹೊರಟ ‘ಜಾವಾ’ ಎಂಬ ಹಡಗು 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ಗೆ ಎದುರಾಯಿತು. ಆಗ ಬ್ರಿಟನ್ನಿಗೂ ಅಮೆರಿಕಕ್ಕೂ ಯುದ್ಧ. ಜಾವಾ ಸೋತಿತು, ನುಜ್ಜುಗುಜ್ಜಾದ ಅದನ್ನು ಗೆದ್ದವರು ಸುಟ್ಟುಹಾಕಿದರು. ನಕ್ಷೆಯೂ ಹೋಯಿತು. ಲಂಡನ್ನಿನಿಂದ ಇನ್ನೊಂದು ಪ್ರತಿ ಬರುವವರೆಗೆ ಜಮ್‌ಷೆಟ್‌ಜಿ ಕಾಯಬೇಕಾಯಿತು. ಆ ಕಾನ್‌ಸ್ಟಿಟ್ಯೂಷನ್ ಹಡಗೂ ಇವತ್ತಿಗೆ ಉಳಿದಿದೆ, ಬಾಸ್ಟನ್ ಬಂದರಿನಲ್ಲಿ. ನಕ್ಷೆಯನ್ನು ನಾಶಮಾಡಿದ ಹಡಗು, ಆ ನಕ್ಷೆಯಿಂದ ಹುಟ್ಟಬೇಕಿದ್ದ ಹಡಗು ಎರಡೂ ಅಟ್ಲಾಂಟಿಕ್ಕಿನ ಎರಡು ದಡಗಳಲ್ಲಿ ಮುದುಕರಾಗಿ ಕುಳಿತು ಮಕ್ಕಳಿಗೆ ದರ್ಶನ ಕೊಡುತ್ತಿವೆ.

1816ರಲ್ಲಿ ಕೆಲಸ ಶುರುವಾಯಿತು. ಪಾರಸಿಗಳ ಪದ್ಧತಿಯಂತೆ, ಹಡಗಿನ ಬೆನ್ನೆಲುಬಾದ ಅಡಿಮರಕ್ಕೆ ಅಕ್ಷರ ಕೊರೆದ ಬೆಳ್ಳಿಯ ಮೊಳೆಯೊಂದನ್ನು ಹೊಡೆದು ಶುಭ ಕೋರಿದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಫಿರಂಗಿ ಅಟ್ಟದ ಉದ್ದ 150 ಅಡಿ, ಅಗಲ 40 ಅಡಿ. ತಗಲಿದ ವೆಚ್ಚ 23,642 ಪೌಂಡು. ಅಷ್ಟು ಹೊತ್ತಿಗೆ ವಾಟರ್ಲೂ ಮುಗಿದು ಎರಡು ವರ್ಷವಾಗಿತ್ತು. ಯಾವ ಯುದ್ಧಕ್ಕೆಂದು ಹಡಗು ಕಟ್ಟಿದರೋ ಆ ಯುದ್ಧವೇ ಇರಲಿಲ್ಲ.

ಜಮ್‌ಷೆಟ್‌ಜಿಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. 1804ರಲ್ಲಿ ಕಂಪೆನಿ ಆತನಿಗೆ ಬೆಳ್ಳಿಯ ಅಳತೆಕೋಲನ್ನು ಉಡುಗೊರೆ ಕೊಟ್ಟಿತ್ತು. ಗ್ರೀನ್‌ವಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿರುವ ಆತನ ವರ್ಣಚಿತ್ರದಲ್ಲಿ, ಸೊಂಟಕ್ಕೆ ಸುತ್ತಿದ ಶಾಲಿನಲ್ಲಿ ಆ ಕೋಲು ಸಿಕ್ಕಿಸಿಕೊಂಡಿದೆ. ಇದು ಬಹಿರಂಗದ ಗೌರವ. ಇದಕ್ಕೆ ಮೊದಲು, 1800ರಲ್ಲಿ ಕಂಪೆನಿಗಾಗಿ ಕಟ್ಟಿದ ‘ಕಾರ್ನ್‌ವಾಲಿಸ್’ ಎಂಬ ಹೆಸರಿನದೇ ಬೇರೊಂದು ಫ್ರಿಗೇಟಿನ ಒಳಮರದ ಮೇಲೆ, ಹೊರಗಿನವರ ಕಣ್ಣಿಗೆ ಬೀಳದ ಕಡೆ, ಇದನ್ನು ಕಟ್ಟಿದವನು ಒಬ್ಬ ದರಿದ್ರ ಕರಿಯ ಎಂಬರ್ಥದ ಮಾತನ್ನು ಆತ ಇಂಗ್ಲಿಷಿನಲ್ಲಿ ಕೆತ್ತಿದ್ದನಂತೆ. ಬೈಯುವವರ ಭಾಷೆಯಲ್ಲೇ! ವರ್ಷಗಳ ಮೇಲೆ ಹಡಗು ದುರಸ್ತಿಗೆ ಮುಂಬಯಿಗೆ ಬಂದಾಗ ತಾನೇ ಅದನ್ನು ತೋರಿಸಿದ ಎಂದು ಹಡಗುಕಟ್ಟೆಯ ಕಥೆ ಹೇಳುತ್ತದೆ. ಕೈಕೆಲಸದ ಹೆಮ್ಮೆ, ಅವಮಾನದ ಕುದಿ ಎರಡನ್ನೂ ಒಂದೇ ಸಾಲಿನಲ್ಲಿ ಇಷ್ಟು ಚೊಕ್ಕವಾಗಿ ಹೇಳಿದವರು ಕಡಿಮೆ. ಟ್ರಿಂಕೋಮಲಿ ನೀರಿಗಿಳಿದ ನಾಲ್ಕು ವರ್ಷಕ್ಕೆ, 1821ರಲ್ಲಿ, ಆತ ತೀರಿಕೊಂಡ.

ಕೆಲಸವಿಲ್ಲದ ಹಡಗು

ಮುಂಬಯಿಯಿಂದ ಹೊರಟ ಹಡಗು ಆಫ್ರಿಕವನ್ನು ಸುತ್ತಿಕೊಂಡು 1819ರ ಜನವರಿಯಲ್ಲಿ ಸೇಂಟ್ ಹೆಲೆನಾ ದ್ವೀಪ ಮುಟ್ಟಿತು. ನೆಪೋಲಿಯನ್ ಸೆರೆಯಾಗಿದ್ದ ದ್ವೀಪ ಅದು. ಅಲ್ಲಿಂದ ಜಾನ್ ಸ್ಟೋಕೋ ಎಂಬ ನೌಕಾದಳದ ವೈದ್ಯ ಈ ಹಡಗನ್ನೇರಿದ. ನೆಪೋಲಿಯನ್ನನನ್ನು ಪರೀಕ್ಷಿಸಿ ಔಷಧ ಹೇಳಿದ್ದ ಈತ ಸೆರೆಯಾಳಿನ ಬಗ್ಗೆ ಅತಿಯಾದ ಮರುಕ ತೋರಿದನೆಂದು ಮೇಲಿನವರಿಗೆ ಸಿಟ್ಟು. ಅದೇ ವರ್ಷ ವಿಚಾರಣೆ ನಡೆದು ನೌಕರಿಯನ್ನೂ ಕಳೆದುಕೊಂಡ.

ಏಪ್ರಿಲ್ 30ಕ್ಕೆ ಪೋರ್ಟ್ಸ್‌ಮತ್ ತಲುಪಿದ ಹಡಗಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮೀಸಲು ಹಡಗುಗಳ ಸಾಲಿನಲ್ಲಿ ಕಟ್ಟಿಹಾಕಿದರು. 1845ರವರೆಗೆ ಅದರ ಪಾಡು ಅಷ್ಟೇ. ಇಪ್ಪತ್ತಾರು ವರ್ಷ! ಒಂದು ರೀತಿಯಲ್ಲಿ ನೋಡಿದರೆ ಅದು ಬದುಕಿದ್ದೇ ಹೀಗೆ. ಅದರ ಓರಗೆಯ ಹಡಗುಗಳೆಲ್ಲ ಕಾಳಗದಲ್ಲಿ, ಬಿರುಗಾಳಿಯಲ್ಲಿ, ಇಲ್ಲವೇ ಗುಜರಿಯಲ್ಲಿ ಮುಗಿದವು. ಅದೇ ವರ್ಗದ ‘ಯೂನಿಕಾರ್ನ್’ ಮಾತ್ರ ಸ್ಕಾಟ್ಲೆಂಡಿನ ಡಂಡಿಯಲ್ಲಿ ಉಳಿದಿದೆ. 1824ರಲ್ಲಿ ನೀರಿಗಿಳಿದ ಅದೂ ಹೀಗೆಯೇ ಕೆಲಸವಿಲ್ಲದೆ ಕಟ್ಟಿಹಾಕಿದ್ದ ಹಡಗು.

1847ರಲ್ಲಿ ಟ್ರಿಂಕೋಮಲಿ ಕೊನೆಗೂ ಕೆಲಸಕ್ಕೆ ಹೊರಟಿತು. ಮೊದಲ ಮೂರು ವರ್ಷ ವೆಸ್ಟ್ ಇಂಡೀಸ್ ಮತ್ತು ಉತ್ತರ ಅಮೆರಿಕದ ಕಡಲಲ್ಲಿ. ಗುಲಾಮರನ್ನು ಕದ್ದು ಸಾಗಿಸುವ ಹಡಗುಗಳನ್ನು ತಡೆಯುವುದು ಅದರ ಹೊಣೆಗಳಲ್ಲಿ ಒಂದು. ಇದು ಮೆಚ್ಚತಕ್ಕ ಕೆಲಸವೇ. ಎರಡನೆಯ ಸುತ್ತು, 1852ರಿಂದ 1857ರವರೆಗೆ, ಪೆಸಿಫಿಕ್ ಸಾಗರದಲ್ಲಿ. ಕ್ರಿಮಿಯಾ ಯುದ್ಧ ನಡೆದಾಗ ರಷ್ಯದ ಪೂರ್ವ ತುದಿಯವರೆಗೂ ಹೋಗಿಬಂತು. 1856ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ವಲಸಿಗನೊಬ್ಬನಿಗೆ ಗುಂಡು ಹಾರಿಸಿದನೆಂದು ಅಲ್ಲಿನ ಕೌವಿಚನ್ ಜನಾಂಗದ ಒಬ್ಬನನ್ನು ಹಿಡಿಯಲು ಇದೇ ಹಡಗು ಸುಮಾರು 400 ಮಂದಿಯನ್ನು ಇಳಿಸಿತು. ಆತನನ್ನು ಅಲ್ಲಿಯೇ ವಿಚಾರಿಸಿ, ಅವನ ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಅದೇ ಹಡಗು ಒಂದು ಕಡಲಲ್ಲಿ ಗುಲಾಮರ ಬಿಡುಗಡೆಗೆ, ಇನ್ನೊಂದು ಕಡಲಲ್ಲಿ ನೆಲದ ಮಕ್ಕಳನ್ನು ಹೆದರಿಸುವುದಕ್ಕೆ. ಆ ಭಾಗದ ಒಂದು ಜಲಮಾರ್ಗಕ್ಕೆ ಇವತ್ತಿಗೂ ‘ಟ್ರಿಂಕೋಮಲಿ ಕಾಲುವೆ’ ಎಂದೇ ಹೆಸರು. ತಮಿಳು ಊರಿನ ಹೆಸರು ಕೆನಡಾದ ಭೂಪಟಕ್ಕೆ ಹತ್ತಿದ್ದು ಹೀಗೆ.

ಊರಿಗೆ ಬಂದ ಮೇಲೆ ಹೊಸ ನಾವಿಕರಿಗೆ ಕವಾಯತು ಕಲಿಸುವ ಹಡಗಾಯಿತು. ಆಗ ಕೆಲ ವರ್ಷ ನಿಂತದ್ದೂ ಹಾರ್ಟಲ್‌ಪೂಲಿನಲ್ಲೇ. 1897ರಲ್ಲಿ ನೌಕಾದಳ ಅದನ್ನು ಗುಜರಿಯವರಿಗೆ ಮಾರಿಬಿಟ್ಟಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಗುಜರಿಯಿಂದ ಮರಳಿದ್ದು

ವೀಟ್ಲಿ ಕಾಬ್ ಎಂಬ ಶ್ರೀಮಂತನಿಗೆ ಹಳೆಯ ಹಡಗುಗಳ ಹುಚ್ಚು. ಒಂದು ಕಾಲಕ್ಕೆ ನೆಲ್ಸನ್ನನೇ ಏರಿದ್ದ ‘ಫೂಡ್ರಾಯಂಟ್’ ಎಂಬ ಹಡಗನ್ನು ಆತ ಕೊಂಡು ಹುಡುಗರ ತರಬೇತಿಗೆ ಸಜ್ಜು ಮಾಡಿಸಿದ್ದ. 1897ರ ಜೂನ್‌ನಲ್ಲಿ ಅದು ಬ್ಲಾಕ್‌ಪೂಲ್ ದಡದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದುಹೋಯಿತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಕಾಬ್ ಗುಜರಿ ಅಂಗಳದಲ್ಲಿದ್ದ ಟ್ರಿಂಕೋಮಲಿಯನ್ನು ಕೊಂಡು, ದುರಸ್ತಿ ಮಾಡಿಸಿ, ಸತ್ತ ಹಡಗಿನ ಹೆಸರನ್ನೇ ಅದಕ್ಕೆ ಇಟ್ಟ. ಮುಂದೆ 1986ರವರೆಗೆ ಮುಂಬಯಿಯ ಹಡಗು ಫಾಲ್ಮತ್‌ನಲ್ಲಿ, ಆಮೇಲೆ ಪೋರ್ಟ್ಸ್‌ಮತ್‌ನಲ್ಲಿ ‘ಫೂಡ್ರಾಯಂಟ್’ ಎಂಬ ಹೆಸರು ಹೊತ್ತು ನಿಂತಿತ್ತು. ಹಲವು ತಲೆಮಾರಿನ ಹುಡುಗ ಹುಡುಗಿಯರು ರಜೆಯಲ್ಲಿ ಅಲ್ಲಿ ತಂಗಿ, ದೋಣಿ ನಡೆಸಲು, ಹಗ್ಗ ಗಂಟುಹಾಕಲು ಕಲಿತರು.

ಅದರ ಪಕ್ಕದಲ್ಲಿ ಬಹುಕಾಲ ನಿಂತಿದ್ದದ್ದು ‘ಇಂಪ್ಲೇಕಬಲ್’. ಟ್ರಫಾಲ್ಗರ್ ಕದನದಲ್ಲಿ ಫ್ರೆಂಚರ ಕಡೆ ಹೋರಾಡಿ, ಎರಡು ವಾರಗಳ ಮೇಲೆ ಇಂಗ್ಲಿಷರ ಕೈಗೆ ಸೆರೆಸಿಕ್ಕ ಹಡಗು. ಎರಡನೆಯ ಮಹಾಯುದ್ಧದ ನಂತರ ಅದನ್ನು ಉಳಿಸಲು ಹಣ ಕೂಡಿಬರಲಿಲ್ಲ. 1949ರ ಡಿಸೆಂಬರ್ 2ರಂದು ಬ್ರಿಟನ್ನಿನ ಬಾವುಟ, ಫ್ರಾನ್ಸಿನ ಬಾವುಟ ಎರಡನ್ನೂ ಏರಿಸಿ, ಸಮುದ್ರಕ್ಕೆ ಎಳೆದೊಯ್ದು, ಸಿಡಿಮದ್ದಿಟ್ಟು ಮುಳುಗಿಸಿದರು. ಹಿಂಭಾಗದ ಅಲಂಕಾರವನ್ನಷ್ಟು ಬಿಚ್ಚಿ ಗ್ರೀನ್‌ವಿಚ್‌ನಲ್ಲಿ ಇರಿಸಿದ್ದಾರೆ. ಆ ದಿನದ ಸಂಕಟ ಬ್ರಿಟನ್ನಿನ ಜನರನ್ನು ಬಹುವಾಗಿ ಕಲಕಿತು. ಚಹಾ ಸಾಗಿಸುತ್ತಿದ್ದ ‘ಕಟಿ ಸಾರ್ಕ್’ ಹಡಗಿಗೆ ಅದೇ ಗತಿ ಬರಬಾರದೆಂಬ ಹಟ ಹುಟ್ಟಿದ್ದು ಆಗಲೇ. 1957ರಲ್ಲಿ ಅದು ಗ್ರೀನ್‌ವಿಚ್‌ನಲ್ಲಿ ಜನರಿಗೆ ತೆರೆಯಿತು.

ಅಂಥದೇ ಪ್ರಶ್ನೆ 1986ರಲ್ಲಿ ಮುಂಬಯಿ ಹಡಗಿನ ಮುಂದೆಯೂ ಬಂತು. 1987ರ ಜುಲೈಯಲ್ಲಿ ಅದನ್ನು ದೊಡ್ಡದೊಂದು ಬಾರ್ಜಿನ ಮೇಲೆ ಹೊರಿಸಿ ಹಾರ್ಟಲ್‌ಪೂಲಿಗೆ ತಂದರು. ಹಡಗು ಕಟ್ಟುವುದನ್ನು ನಿಲ್ಲಿಸಿದ್ದ ಊರಿಗೆ ಇನ್ನೊಮ್ಮೆ ಹಡಗಿನ ಕೆಲಸ ಬಂತು. 1990ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 2001ರಲ್ಲಿ. ಕಟ್ಟಲು ಹಿಡಿದದ್ದು ಒಂದೂವರೆ ವರ್ಷ, ರಿಪೇರಿಗೆ ಹಿಡಿದದ್ದು ಹನ್ನೊಂದು ವರ್ಷ! ಖರ್ಚು ಸುಮಾರು ಒಂದು ಕೋಟಿ ಐದು ಲಕ್ಷ ಪೌಂಡು. ನಡುವೆ, 1992ರಲ್ಲಿ, ಹಳೆಯ ಹೆಸರು ಮರಳಿ ಬಂತು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಇದು ಹಳೆಯ ಹಡಗೇ ಹೌದೇ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೇ. ಊರ ತೇರಿನ ಗಾಲಿ ಸವೆದರೆ ಹೊಸದು ಕೂಡಿಸುತ್ತಾರೆ, ಅಚ್ಚು ಮುರಿದರೆ ಬೇರೆ ಹಾಕುತ್ತಾರೆ, ತೇರು ಮಾತ್ರ ಅದೇ. ಹಡಗಿನ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಟ್ರಿಂಕೋಮಲಿಗೆ ಅಷ್ಟು ಔದಾರ್ಯ ಬೇಕಾಗಿಲ್ಲ. ವಿಕ್ಟರಿಯಲ್ಲಿ ಮೂಲ ಮರ ಐದರಲ್ಲಿ ಒಂದು ಪಾಲು ಉಳಿದಿದೆಯೆಂದು ಅಂದಾಜು. ಮುಂಬಯಿ ಹಡಗಿನ ಒಡಲಲ್ಲಿ ಶೇಕಡಾ 60ಕ್ಕೂ ಹೆಚ್ಚು ಮರ 1817ರದ್ದೇ. ಮಲಬಾರಿನ ತೇಗ ತನ್ನ ಮಾತು ಉಳಿಸಿಕೊಂಡಿದೆ.

ಒಳಗೆ ಇಳಿದರೆ

ಹಡಗಿರುವ ಡಾಕ್‌ನ ಸುತ್ತ ಹದಿನೆಂಟನೆಯ ಶತಮಾನದ ಬಂದರುಕಟ್ಟೆಯೊಂದನ್ನು ಹೊಸದಾಗಿಯೇ ಕಟ್ಟಿ ನಿಲ್ಲಿಸಿದ್ದಾರೆ. ನೌಕಾಧಿಕಾರಿಗಳಿಗೆ ಅಂಗಿ ಹೊಲಿಯುವ ದರ್ಜಿಯ ಅಂಗಡಿ, ಬಂದೂಕು ಮಾಡುವವನ ಅಂಗಡಿ, ಅಚ್ಚುಕೂಟ, ಸೆರೆಮನೆ. 2016ರಿಂದ ಇದು ಬ್ರಿಟಿಷ್ ನೌಕಾದಳದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಅಂಗ. ನಾಟಕದ ರಂಗಸಜ್ಜಿಕೆಯ ಹಾಗೆ ಕಂಡರೂ ಚಿಕ್ಕ ಮಕ್ಕಳಿಗೆ ಇದೇ ಹೆಚ್ಚು ಇಷ್ಟ. ಊರಿನ ಕೋತಿ ಕಥೆಯಂತೂ ಅವರಿಗೆ ಪಂಚಪ್ರಾಣ. ನೆಪೋಲಿಯನ್ ಕಾಲದಲ್ಲಿ ಒಡೆದ ಫ್ರೆಂಚ್ ಹಡಗೊಂದರಿಂದ ಸಮವಸ್ತ್ರ ತೊಟ್ಟ ಕೋತಿಯೊಂದು ದಡ ಸೇರಿತಂತೆ. ಫ್ರೆಂಚರನ್ನು ಎಂದೂ ನೋಡಿರದ ಬೆಸ್ತರು ಅದನ್ನೇ ಫ್ರೆಂಚ್ ಗೂಢಚಾರನೆಂದು ಬಗೆದು ನೇಣಿಗೆ ಹಾಕಿದರಂತೆ. ನಡೆದದ್ದೋ ಕಟ್ಟಿದ್ದೋ, ಊರಿನವರಿಗೆ ಹೆಸರಂತೂ ಅಂಟಿತು. ಅವರೂ ಅದನ್ನು ನಕ್ಕು ಒಪ್ಪಿಕೊಂಡಿದ್ದಾರೆ. ಊರಿನ ಫುಟ್‌ಬಾಲ್ ತಂಡದ ಪರವಾಗಿ ಕೋತಿಯ ವೇಷ ಹಾಕುತ್ತಿದ್ದ ಯುವಕ, ಶಾಲೆಯ ಮಕ್ಕಳಿಗೆಲ್ಲ ಪುಕ್ಕಟೆ ಬಾಳೆಹಣ್ಣು ಕೊಡುವೆನೆಂದು ಚುನಾವಣೆಗೆ ನಿಂತು 2002ರಲ್ಲಿ ಮೇಯರ್ ಆಗಿಯೇಬಿಟ್ಟ!

ಹಡಗಿನೊಳಗೆ ಕಾಲಿಟ್ಟ ಮೇಲೆ ನಗು ತುಸು ಕಡಿಮೆಯಾಗುತ್ತದೆ. ಮೇಲಿನ ಅಟ್ಟದಲ್ಲಿ ಚುಕ್ಕಾಣಿಯ ಚಕ್ರ, ತಲೆಯೆತ್ತಿದರೆ ಹಗ್ಗಗಳ ಕಾಡು. ಯಾವ ಹಗ್ಗ ಯಾವ ಹಾಯಿಯದೆಂದು ಕತ್ತಲಲ್ಲೂ, ಬಿರುಗಾಳಿಯಲ್ಲೂ ನಾವಿಕನ ಕೈಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದವನಿಗೆ ಬೆನ್ನ ಮೇಲೆ ಹಗ್ಗದ ಪೆಟ್ಟು. ಒಂದಂತಸ್ತು ಕೆಳಗಿಳಿದರೆ ಫಿರಂಗಿಗಳ ಅಟ್ಟ. 18 ಪೌಂಡು, ಎಂದರೆ ಎಂಟು ಕಿಲೋ ತೂಕದ ಗುಂಡು ಉಗುಳುವ ಫಿರಂಗಿಗಳ ಸಾಲು. ಒಂದೊಂದೂ ಎರಡು ಟನ್ನಿನಷ್ಟು ಭಾರ; ಒಂದನ್ನು ಆಡಿಸಲು ಎಂಟೊಂಬತ್ತು ಮಂದಿ. ಕೆಳಗಿನ ಮದ್ದಿನ ಕೋಣೆಯಿಂದ ಮೇಲಕ್ಕೆ ಮದ್ದಿನ ಚೀಲ ಹೊತ್ತು ಓಡುವ ಕೆಲಸ ಹತ್ತು ಹನ್ನೆರಡು ವರ್ಷದ ಹುಡುಗರದ್ದು. ಈಗ ನೋಡಲು ಬರುವ ಶಾಲಾ ಮಕ್ಕಳ ವಯಸ್ಸೇ ಅದು. ಇದನ್ನು ಕೇಳಿದಾಗ ಮಕ್ಕಳಿಗಿಂತ ಜೊತೆಯಲ್ಲಿ ಬಂದ ತಾಯಂದಿರ ಮುಖ ಸಪ್ಪಗಾಗುತ್ತದೆ.

ಅದರ ಕೆಳಗೆ ನಾವಿಕರು ವಾಸಿಸುತ್ತಿದ್ದ ಅಟ್ಟ. ಫ್ರಿಗೇಟಿನ ಅನುಕೂಲವೆಂದರೆ ಈ ಅಟ್ಟದಲ್ಲಿ ಫಿರಂಗಿಗಳಿಲ್ಲ. ಹಾಗೆಂದು ಸುಖವೇನಲ್ಲ. ಎತ್ತರದ ಆಳು ನೆಟ್ಟಗೆ ನಿಲ್ಲುವಂತಿಲ್ಲ. ಮುನ್ನೂರಕ್ಕೂ ಹೆಚ್ಚು ಜನಕ್ಕೆ ಮಾಡಿದ ಹಡಗು. ನೌಕಾದಳದ ಲೆಕ್ಕದಲ್ಲಿ ಒಬ್ಬನ ತೂಗುಜೋಲಿಗೆ 14 ಅಂಗುಲ ಜಾಗ. ಅರ್ಧ ಜನ ಪಾಳಿಯ ಮೇಲಿರುವಾಗ ಉಳಿದರ್ಧ ಜನ ಮಗ್ಗುಲು ಬದಲಿಸಬಹುದಿತ್ತು. ಊಟಕ್ಕೆ ಉಪ್ಪು ಹಾಕಿದ ಮಾಂಸ, ಬಟಾಣಿ, ಕಲ್ಲಿನಂಥ ಬಿಸ್ಕತ್ತು. ತಿನ್ನುವ ಮೊದಲು ಬಿಸ್ಕತ್ತನ್ನು ಮೇಜಿಗೆ ಕುಟ್ಟುವುದು ವಾಡಿಕೆ, ಒಳಗಿನ ಹುಳು ಉದುರಲೆಂದು. ತಿಂಗಳುಗಟ್ಟಲೆ ತರಕಾರಿ ಕಾಣದೆ ಒಸಡು ಕೊಳೆತು ಸಾಯುವ ಸ್ಕರ್ವಿ ರೋಗಕ್ಕೆ 1795ರಿಂದ ನಿಂಬೆರಸ ಕೊಡತೊಡಗಿದ್ದರು. ಕಾಳಗದಲ್ಲಿ ಸತ್ತವರಿಗಿಂತ ರೋಗಗಳಿಂದ ಸತ್ತ ನಾವಿಕರೇ ಬಹಳ ಹೆಚ್ಚು. ಹಿಂಬದಿಯಲ್ಲಿ ಕ್ಯಾಪ್ಟನ್ನನ ಕೋಣೆಗೆ ಬಂದರೆ ಬೇರೆಯೇ ಲೋಕ. ಸಾಲು ಕಿಟಕಿಗಳಿಂದ ಬೆಳಕು, ಊಟದ ಮೇಜು, ಒಬ್ಬನಿಗೇ ಅಷ್ಟು ಜಾಗ.

ಇಷ್ಟು ನೋಡಿ ಬಹಳ ಜನ ಹೊರಟುಬಿಡುತ್ತಾರೆ. ಭಾರತದಿಂದ ಹೋದವರು, ಅದರಲ್ಲೂ ಇಂಗ್ಲೆಂಡಿನಲ್ಲೇ ಬೆಳೆಯುತ್ತಿರುವ ಕನ್ನಡದ ಮಕ್ಕಳು, ಇನ್ನೊಂದರ್ಧ ಗಂಟೆ ಇದ್ದು ಮರವನ್ನೇ ನೋಡುವುದು ಒಳ್ಳೆಯದು. ಫಿರಂಗಿ, ಕತ್ತಿಗಳು ಎಲ್ಲ ವಸ್ತುಸಂಗ್ರಹಾಲಯಗಳಲ್ಲೂ ಸಿಗುತ್ತವೆ. ಆಳಿನ ಸೊಂಟಕ್ಕಿಂತ ದಪ್ಪನೆಯ ತೊಲೆಗಳು, ಡೊಂಕು ಮರವನ್ನು ಹುಡುಕಿ ತಂದು ಉಳಿ, ಬಾಚಿ, ಗರಗಸಗಳಿಂದಲೇ ಹದಕ್ಕೆ ತಂದ ಪಕ್ಕೆಲುಬುಗಳು, ಒಂದಕ್ಕೊಂದು ಕಚ್ಚಿಕೂತ ಹಲಗೆಗಳು ಇಲ್ಲಿವೆ. ಹೊಸ ಮರ ಎಲ್ಲಿ ಸೇರಿದೆ, ಹಳೆಯದು ಎಲ್ಲಿಂದ ಶುರುವಾಗಿದೆ ಎಂದು ಹುಡುಕುವ ಆಟವನ್ನು ಮಕ್ಕಳಿಗೆ ಹಚ್ಚಿದರೆ ಅವರನ್ನು ಹೊರಗೆ ಕರೆತರುವುದೇ ಕಷ್ಟವಾದೀತು. ಜಮ್‌ಷೆಟ್‌ಜಿಯ ಹೆಸರು ದಾಖಲೆಯಲ್ಲಿದೆ, ಚಿತ್ರವೂ ಇದೆ. ಅವನ ಕೈಕೆಳಗೆ ದುಡಿದ ನೂರಾರು ಬಡಗಿಗಳ, ಕಮ್ಮಾರರ, ಹಲಗೆಯ ಸಂದಿಗೆ ನಾರು ತುರುಕಿ ಡಾಂಬರು ಬಳಿದವರ, ಮಲಬಾರಿನ ಕಾಡಿನಲ್ಲಿ ಕೊಡಲಿ ಹಿಡಿದವರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ. ಹಾರ್ಟಲ್‌ಪೂಲಿನ ಚಳಿಯಲ್ಲಿ ಆ ತೊಲೆಗಳನ್ನು ಕೈಯಿಂದ ಮುಟ್ಟಿ ನೋಡಲು ಯಾರ ಅಡ್ಡಿಯೂ ಇಲ್ಲ.